ಇಪ್ಪತ್ತೇಳನೆಯ ಕಲ್ಲು

೧೯೯೯ ಫೆಬ್ರವರಿ ೧೨, ಶುಕ್ರವಾರ

ಇವರು ಹೋಗಿ ಇವತ್ತಿಗೆ ಹದಿಮೂರು ದಿನ. ಗಣಾರಾಧನೆ ಮುಗಿದ ಮೇಲೆ ನೆಂಟರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೊನೆಗೆ ಉಳಿದಿದ್ದ ಮೈದುನ ಬಸವೇಶನೂ ಬೆಳಗಿನ ಬಸ್ಸಿಗೆ ತನ್ನೂರು ಹದಿನಾರಿಗೆ ಹೊರಟ. ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡೇ ಮಾತು ತೆಗೆದ. ಬಾಡಿಗೆ ಮನೆ ಬಿಟ್ಟು ನಾನೂ ಮಗಳು ರಮ್ಯಳೂ ಅವನ ಮನೆಗೆ ಹೋಗಿಬಿಡಬೇಕಂತೆ. ರಮ್ಯಳಿಗೆ ಅವನ ಹೆಂಡತಿಯ ಕಡೆಯಲ್ಲಿ ಒಂದು ಗಂಡು ಇದೆಯಂತೆ, ಕಾಲೇಜು ಗೀಲೇಜು ಸಾಕಂತೆ. ಅಣ್ಣ ಸತ್ತು ಎರಡು ವಾರ ಆಗಿಲ್ಲ, ಆಗಲೇ ಎಲ್ಲ ತೀರ್ಮಾನ ಮಾಡಿಟ್ಟಿದ್ದಾನೆ. ಅವನ ಹೆಂಡತಿಯ ಅಡುಗೆಮನೆಯಲ್ಲಿ ಮುಸುರೆ ತಿಕ್ಕಿಕೊಂಡು ಬಿದ್ದಿರುವುದಕ್ಕೆ ನನಗೇನು ಗ್ರಹಚಾರ. ಮಾರ್ಕೆಟ್ಟಿನಲ್ಲಿ ನನ್ನ ಕಲ್ಲು ಇರುವ ತನಕ ನಿಮ್ಮ ಹೊಸ್ತಿಲು ತುಳಿಯಲ್ಲ ಕಣಪ್ಪ ಎಂದೆ. ಮುಖ ಊದಿಸಿಕೊಂಡು ಹೋದ.

ಈ ಡೈರಿ ಅಕ್ಕಿ ಗಿರಣಿಯವರು ಇವರಿಗೆ ಕೊಟ್ಟಿದ್ದು. ಮೊದಲ ಪುಟದಲ್ಲಿ ತಮ್ಮ ಹೆಸರು ಬರೆದಿದ್ದಾರೆ, ಅಷ್ಟೇ. ಇನ್ನು ನನ್ನ ಮಾತು ಕೇಳುವವರು ಯಾರು, ಇದಕ್ಕೇ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಬಾಳೆಹಣ್ಣು ಮಾರಲು ಕೂತವಳ ಅಕ್ಷರ ಒಂದು ಉಪಯೋಗಕ್ಕಾದರೂ ಬರಲಿ. ನಾಳೆ ಮಾರ್ಕೆಟ್ಟಿಗೆ ಹೋಗುತ್ತೇನೆ.

ಫೆಬ್ರವರಿ ೧೩, ಶನಿವಾರ



ನಮ್ಮ ಮಾರ್ಕೆಟ್ಟಿನಲ್ಲಿ ನಲವತ್ತು ಕಲ್ಲು. ಒಬ್ಬರು ಕಾಲು ಮಡಿಸಿ ಕೂತು ಮುಂದೆ ಎರಡು ಬುಟ್ಟಿ ಇಟ್ಟುಕೊಳ್ಳುವಷ್ಟು ಅಗಲದ ಚಪ್ಪಡಿಗಳು. ಇಪ್ಪತ್ತೇಳನೆಯದು ನಮ್ಮದು. ಮೊದಲು ಅತ್ತೆ ಚನ್ನಬಸಮ್ಮ ಕೂರುತ್ತಿದ್ದರು, ಅವರು ಹೋದ ಮೇಲೆ ಹದಿನೆಂಟು ವರ್ಷದಿಂದ ನಾನು. ಇದಕ್ಕೆ ಕಾಗದ ಪತ್ರ ಏನೂ ಇಲ್ಲ. ಯಾವ ಕಲ್ಲು ಯಾರದು ಎಂದು ಎಲ್ಲರಿಗೂ ಗೊತ್ತಿರುತ್ತದೆ, ಅಷ್ಟೇ. ಯಾರ ಮನೆಯಲ್ಲಾದರೂ ಸಾವೋ ಹೆರಿಗೆಯೋ ಆದರೆ ಹತ್ತಿರದವರು ಅವರ ಕಲ್ಲು ಕಾಯುತ್ತಾರೆ. ಅವರ ಬುಟ್ಟಿಯನ್ನು ಅವರ ಕಲ್ಲಿನ ಮೇಲೇ ಇಟ್ಟುಕೊಂಡು, ಅಲ್ಲೇ ಕೂತು ಮಾರಿಕೊಡುತ್ತಾರೆ. ಖಾಲಿ ಬಿಟ್ಟರೆ ಹೊರಗಿನವರು ಬಂದು ಕೂತುಬಿಡುತ್ತಾರಲ್ಲ, ಅದಕ್ಕೆ. ಮನೆಯವರು ವಾಪಸ್ಸು ಬಂದ ದಿನ ಕಾದವರು ಎದ್ದು, ಕಲ್ಲಿಗೆ ನೀರು ಚಿಮುಕಿಸಿ, ಕೂತುಕೊಳ್ಳಿ ಎನ್ನುತ್ತಾರೆ. ಇದು ಹಿಂದಿನಿಂದ ನಡೆದುಕೊಂಡು ಬಂದದ್ದು.

ಪಕ್ಕದ ಕಲ್ಲಿನ ನಿಂಬೆಹಣ್ಣಿನ ಸುಬ್ಬಲಕ್ಷ್ಮಮ್ಮ ಮಗಳ ಬಾಣಂತನಕ್ಕೆ ಬನ್ನೂರಿಗೆ ಹೋಗಿದ್ದರು. ಹಾಗಾಗಿ ಈ ಸಲ ರಮ್ಯ ನನ್ನ ಬುಟ್ಟಿಗಳನ್ನು ಚಲುವಮ್ಮನ ಕೈಗೆ ಕೊಟ್ಟು ಬಂದಿದ್ದಳು. ಚಲುವಮ್ಮ ಸೊಪ್ಪಿನವಳು. ಅವಳಿಗೆ ಕಲ್ಲಿಲ್ಲ, ನನ್ನ ಕಲ್ಲಿನ ಮುಂದೆ ನೆಲದ ಮೇಲೆ ಗೋಣಿ ಹಾಸಿ ಕೂರುತ್ತಾಳೆ. ಬೆಳಿಗ್ಗೆ ನಾನು ಹೋದಾಗ ಎದ್ದಳು, ನೀರು ಚಿಮುಕಿಸಿದಳು. ಆದರೆ ಕೂತುಕೊಳ್ಳಿ ಎನ್ನಲಿಲ್ಲ. ದುಃಖದಲ್ಲಿದ್ದೇನೆ ಎಂದು ಮಾತಾಡಿಸಲಿಲ್ಲವೇನೋ ಅಂದುಕೊಂಡೆ. ಎಂಥ ಪೆದ್ದಿ ನಾನು.

ಆಮೇಲೆ, ಹಿಂದಿನ ದಿನವಷ್ಟೇ ಬನ್ನೂರಿನಿಂದ ವಾಪಸ್ಸು ಬಂದಿದ್ದ ಸುಬ್ಬಲಕ್ಷ್ಮಮ್ಮ ನನ್ನ ಕೈ ಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಹಳೇ ಮಾರ್ಕೆಟ್ಟು ಕೆಡವಿ ಕಟ್ಟಡ ಕಟ್ಟುತ್ತಾರಂತೆ. ಒಂದು ಕಲ್ಲಿಗೆ ಒಂದು ಮಳಿಗೆ. ಮಾರ್ಕೆಟ್ ಕಮಿಟಿಯವರು ನಾನು ಮನೆಯಲ್ಲಿದ್ದ ದಿನಗಳಲ್ಲೇ ಬಂದು ಹೆಸರು ಬರೆದುಕೊಂಡು ಪಟ್ಟಿ ಅಂಟಿಸಿದ್ದಾರೆ. ಪಟ್ಟಿಯಲ್ಲಿ ಇಲ್ಲದವರಿಗೆ, ನೆಲದ ಮೇಲೆ ಕೂರುವವರಿಗೆ ಹೊಸ ಕಟ್ಟಡದಲ್ಲಿ ಜಾಗವಿಲ್ಲ. ಇಪ್ಪತ್ತೇಳನೆಯ ನಂಬರಿನ ಮುಂದೆ, ಚಲುವಮ್ಮ ಕೋಂ ಚಿಕ್ಕಮಾದು.

ಗಂಡ ಸತ್ತಾಗಲೂ ನನ್ನ ಕೈಕಾಲು ಹೀಗೆ ತಣ್ಣಗಾಗಿರಲಿಲ್ಲ. ನಿಜ ಬರೆಯುತ್ತಿದ್ದೇನೆ.

ಫೆಬ್ರವರಿ ೧೪

ಕೇಳಿದೆ. ಎಲ್ಲರ ಎದುರಿಗೇ ಕೇಳಿದೆ. ಸೊಪ್ಪು ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

“ಯಾರು ಕುಂತಿರೋದು ಅಂದ್ರು, ನಾನೇ ಕುಂತಿದ್ದೆ. ಎಸ್ರು ಯೋಳು ಅಂದ್ರು, ಯೋಳ್ದೆ.”

ಸರಿ, ಗೊತ್ತಾಗದೆ ಆಯಿತು, ಈಗ ಕಮಿಟಿಗೆ ಹೋಗಿ ಬದಲಾಯಿಸೋಣ ಬಾ ಎಂದೆ. ಎಷ್ಟು ಸಮಾಧಾನವಾಗಿ ಹೇಳಿದೆ ಎಂದು ನನಗೇ ಆಶ್ಚರ್ಯ. ಆಗ ತಲೆ ಎತ್ತಿದಳು. ಬದಲಾಯಿಸಲ್ಲ ಎಂದಳು.

ಬಾಯಿಗೆ ಬಂದಂತೆ ಬೈದೆ. ಕಾಫಿ ಅಂಗಡಿಯವನು ಬಂದು ಬಿಡಿಸಬೇಕಾಯಿತು. ಹದಿನೆಂಟು ವರ್ಷ ಎದುರುಬದುರು ಕೂತವಳು. ಬಿಸಿಲು ಹೊಡೆಯುತ್ತದೆ ಎಂದು ನನ್ನ ನೆರಳಿನ ತಾಟಿನ ಒಂದು ತುದಿ ಅವಳ ತಲೆಯ ಮೇಲೆ ಬರುವ ಹಾಗೆ ಕಟ್ಟಿಸಿದವಳು ನಾನು. ಅವಳು ಕಾಲೋನಿಯವಳು, ನಾವು ಲಿಂಗಾಯತರು ಎಂದು ಒಂದು ದಿನ ಭೇದ ಮಾಡಿದವಳಲ್ಲ. ಅವಳ ಮನೆಯಲ್ಲಿ ನೀರು ಕುಡಿದಿಲ್ಲ, ಅದು ಬೇರೆ ವಿಷಯ.

ಕಲ್ಲು ಹೋದರೆ ನಾನು ಹದಿನಾರಿಗೆ ಹೋಗಬೇಕು. ರಮ್ಯಳ ಕುತ್ತಿಗೆಗೆ ಆ ಗಂಡನ್ನು ಕಟ್ಟುತ್ತಾರೆ. ಇನ್ನೇನಿದೆ ನನಗೆ.

ಫೆಬ್ರವರಿ ೨೪

ಕಮಿಟಿಯ ಕಾರ್ಯದರ್ಶಿ ಗಂಗಾಧರಸ್ವಾಮಿಯವರನ್ನು ನೋಡಿ ಬಂದೆ. ಮೂರನೆಯ ಸಲಕ್ಕೆ ಸಿಕ್ಕರು. ನೀನು ನಮ್ಮವಳೇ ಕಣಮ್ಮ, ಆದರೆ ಬಾಯಿ ಮಾತಿನಲ್ಲಿ ಪಟ್ಟಿ ತಿದ್ದಲು ಆಗಲ್ಲ ಎಂದರು. ತಕರಾರು ಇರಲಿ ಇಲ್ಲದಿರಲಿ, ಎಲ್ಲರೂ ತಮ್ಮ ತಮ್ಮ ಕಲ್ಲಿನ ಚರಿತ್ರೆ ಬರೆದು ಕೊಡಬೇಕಂತೆ. ಮೊದಲು ಕೂತವರು ಯಾರು, ಆಮೇಲೆ ಯಾರು, ಹೇಗೆ ಬಂತು. ತಕರಾರು ಇದ್ದರೆ ಹಳಬರೊಬ್ಬರನ್ನು ಸಾಕ್ಷಿಗೆ ತರಬೇಕು. ಮೇ ಹದಿನೇಳಕ್ಕೆ ವಿಚಾರಣೆ.

ಕಲ್ಲಿಗೂ ಚರಿತ್ರೆಯಂತೆ. ರಾಜರು ಆಳಿದ ಕೋಟೆ ನೋಡಿ ಇದು.

ಮಾರ್ಚ್ ೯

ಒಂದು ವಾರದಿಂದ ಉಸಿರು ಬಿಡಲು ಪುರುಸೊತ್ತಿಲ್ಲ. ನಲವತ್ತು ಕಲ್ಲಿನವರಲ್ಲಿ ತಪ್ಪಿಲ್ಲದೆ ಕನ್ನಡ ಬರೆಯುವವಳು ನಾನೊಬ್ಬಳೇ. ಮಧ್ಯಾಹ್ನ ಗಿರಾಕಿ ಕಡಿಮೆಯಾದರೆ ಸಾಕು, ಅರ್ಜಿ ಬರೆಸಿಕೊಳ್ಳಲು ನನ್ನ ಸುತ್ತ ಕೂತುಬಿಡುತ್ತಾರೆ. ಕಲ್ಲು ಕಳೆದುಕೊಂಡವಳು ಕಲ್ಲು ಇರುವವರಿಗೆಲ್ಲ ಬರೆದುಕೊಡುತ್ತಿದ್ದೇನೆ, ನನ್ನ ಹಣೆಬರಹ.

ಕುಂಬಳಕಾಯಿ ಚೆಲುವಯ್ಯನಿಗೆ ಎಪ್ಪತ್ತರ ಮೇಲಾಗಿದೆ. ಅವನು ಹೇಳುವ ಪ್ರಕಾರ ಮೊದಲು ಕಲ್ಲೂ ಇರಲಿಲ್ಲ, ಮಾರ್ಕೆಟ್ಟೂ ಇರಲಿಲ್ಲ. ಹೊಳೆಯ ಮರಳಿನ ಮೇಲೆ ವ್ಯಾಪಾರ. ಕಪಿಲೆ ಏರಿದ ದಿನ ಬುಟ್ಟಿ ಹೊತ್ತುಕೊಂಡು ಓಡುವುದು. ಒಂದು ವರ್ಷ ನೀರು ಎಲ್ಲರ ಸಾಮಾನನ್ನೂ ಕೊಚ್ಚಿಕೊಂಡು ಹೋದ ಮೇಲೆ ಮೇಲಿನ ಮೈದಾನ ಕೊಟ್ಟರಂತೆ. ಇವನ ಅಪ್ಪ ಗಾಡಿಯಲ್ಲಿ ಚಪ್ಪಡಿ ಹೊಡೆದದ್ದು. ನಲವತ್ತೆರಡು ಹೊರಟವು, ಎರಡು ದಾರಿಯಲ್ಲಿ ಒಡೆದವು. ಬಾಡಿಗೆ ಬದಲು ಅಪ್ಪ ಒಂದು ಕಲ್ಲು ಕೇಳಿ ಪಡೆದನಂತೆ. ಹೇಳುತ್ತಾ ಹೇಳುತ್ತಾ ಮುದುಕ ಅತ್ತುಬಿಟ್ಟ. ನಾನು ಅವನು ಅಂದದ್ದನ್ನೆಲ್ಲ ಬರೆದೆ, ಒಡೆದ ಎರಡು ಕಲ್ಲನ್ನೂ ಸೇರಿಸಿ.

ಸುಬ್ಬಲಕ್ಷ್ಮಮ್ಮ ಮಾತ್ರ ಹತ್ತು ವರ್ಷ ಹೆಚ್ಚು ಹಾಕಿ ಬರೆಯೇ ಎಂದು ಗೋಗರೆದರು. ಆಗಲ್ಲ ಎಂದೆ. ನಿಮಗೆ ಹತ್ತು ವರ್ಷ ಹಾಕಿದರೆ ನಾಳೆ ಆ ಸೊಪ್ಪಿನವಳೂ ಹಾಕಿಸುತ್ತಾಳೆ, ಆಗ ನನ್ನ ಕಾಗದಕ್ಕೆ ಏನು ಬೆಲೆ. ಸುಳ್ಳು ಎಂದರೆ ನನಗೆ ಮೊದಲಿಂದಲೂ ಮೈ ಉರಿಯುತ್ತದೆ.

ಮಾರ್ಚ್ ೧೮

ಯುಗಾದಿ. ನಮಗೆ ಈ ವರ್ಷ ಹಬ್ಬವಿಲ್ಲ. ರಮ್ಯ ಬೇವು ಬೆಲ್ಲ ತಿನ್ನಬಹುದೇನಮ್ಮ ಎಂದು ಕೇಳಿದಳು. ಬೇವು ತಿನ್ನು ಎಂದೆ. 

ಮಾರ್ಚ್ ೨೩

ಇವತ್ತು ಏನಾಯಿತು ಎಂದರೆ ನಂಬುವುದು ಕಷ್ಟ. ಬೆಳಿಗ್ಗೆ ನಾನಿನ್ನೂ ಕಾಫಿಗೆ ನೀರಿಟ್ಟಿರಲಿಲ್ಲ, ಚಲುವಮ್ಮ ಮನೆಗೇ ಬಂದಳು. ಜಗಲಿಯ ತುದಿಯಲ್ಲಿ ಕೂತು ಸೆರಗಿನಿಂದ ಒಂದು ಬಿಳಿ ಹಾಳೆ ತೆಗೆದಳು. ಎಲ್ಲರಿಗೂ ಬರೆದುಕೊಟ್ಟಿದ್ದೀರಿ, ನನ್ನದೂ ಬರೆದುಕೊಡಿ ಎಂದಳು. ಧೈರ್ಯ ನೋಡಿ. ಆದರೂ ಏನು ಹೇಳುತ್ತಾಳೋ ನೋಡೇಬಿಡೋಣ ಎಂದು ಪೆನ್ನು ತೆಗೆದುಕೊಂಡೆ. ಹೇಳು ಎಂದೆ.

“ಇಪ್ಪತ್ತೇಳ್ನೆ ಕಲ್ಲಲ್ಲಿ ಮೊದ್ಲು ಕುಂತೋಳು ನಮ್ಮತ್ತೆ ಚಿನ್ನಮ್ಮ. ಬರೀರಿ.”

ಪೆನ್ನು ನಿಂತಿತು. ಅವಳು ನಿಲ್ಲಿಸಲಿಲ್ಲ. ಕಲ್ಲು ಹಾಕಿದ ಹೊಸದರಲ್ಲಿ ಅವಳ ಅತ್ತೆ ಅಲ್ಲಿ ಸೊಪ್ಪು ಮಾರುತ್ತಿದ್ದಳಂತೆ. ಹೆರಿಗೆಗೆ ಹೋದಾಗ ನನ್ನ ಅತ್ತೆ ಕಲ್ಲು ಕಾದರಂತೆ. ಅವಳು ಮಗು ಎತ್ತಿಕೊಂಡು ವಾಪಸ್ಸು ಬಂದಾಗ ಎದ್ದು ಕೊಡಲಿಲ್ಲವಂತೆ. ಆ ಮಗು ಚಲುವಮ್ಮನ ಗಂಡ ಚಿಕ್ಕಮಾದು.

ಹಾಳೆ ಹರಿದು ಅವಳ ಮುಂದೆ ಬಿಸಾಡಿದೆ. ಸತ್ತವರ ಮೇಲೆ ಕಳ್ಳತನ ಹೊರಿಸುತ್ತೀಯಾ, ಎದ್ದೇಳು ನನ್ನ ಜಗಲಿಯಿಂದ ಎಂದೆ. ಎದ್ದಳು. ಸುಳ್ಳಾದರೆ ಕಳಲೆಯ ಚನ್ನಾಜಮ್ಮನನ್ನು ಕೇಳಿ, ಅವರು ನಿಮ್ಮ ಜನವೇ, ನನ್ನ ಪರ ಹೇಳಬೇಕಾದ್ದೇನಿಲ್ಲ ಎಂದು ಹೇಳಿ ಹೋದಳು.

ಕೇಳುತ್ತೇನೆ. ಕೇಳಿ ಇವಳ ಬಾಯಿ ಮುಚ್ಚಿಸುತ್ತೇನೆ.

ಏಪ್ರಿಲ್ ೪, ಭಾನುವಾರ

ಕಳಲೆಗೆ ಹೋಗಿದ್ದೆ. ಚನ್ನಾಜಮ್ಮನಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು, ಕಿವಿ ಚುರುಕು. ಹಿಂದೆ ಇಪ್ಪತ್ತೈದನೆಯ ಕಲ್ಲಿನಲ್ಲಿ ಹುಣಸೆಹಣ್ಣು ಮಾರುತ್ತಿದ್ದವರು. ಚನ್ನಬಸಮ್ಮನ ಸೊಸೆ ಎಂದೊಡನೆ ನನ್ನ ಮುಖವನ್ನೆಲ್ಲ ಕೈಯಲ್ಲಿ ತಡವಿದರು. ನಾನು ಬಂದ ಕೆಲಸ ಹೇಳಿದೆ. ಸೊಪ್ಪಿನವಳು ಹೀಗೆ ಕಥೆ ಕಟ್ಟುತ್ತಿದ್ದಾಳೆ, ನೀವು ಬಂದು ಸುಳ್ಳು ಎಂದು ಒಂದು ಮಾತು ಹೇಳಬೇಕು ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಎಲೆಯಡಿಕೆ ಕುಟ್ಟಿದರು.

“ಸುಳ್ಳೇನಲ್ಲ ಕಣ್ ಮಗ. ಆ ಕಲ್ಲು ಚಿನ್ನಮ್ಮಂದೇಯ. ಕೂಸು ಎತ್ಕಂಡು ಬಂದು ನಿಂತ್ಕಂಡ್ಳು. ನಿಮ್ಮತ್ತೆ ಅವಳ ಮಕಾನೇ ನೋಡ್ನಿಲ್ಲ, ಯಾಪಾರ ಮಾಡ್ತಾನೇ ಇದ್ಳು. ನಾವೆಲ್ಲ ಅಲ್ಲೇ ಇದ್ದೊ, ಒಬ್ರೂ ಬಾಯ್ ಬಿಡ್ನಿಲ್ಲ. ಬೋ ಒತ್ತು ನಿಂತಿದ್ದು, ಆಮ್ಯಾಲೆ ಅಲ್ಲೇ ಮುಂದುಕ್ಕೆ ನೆಲದ್ ಮ್ಯಾಲೆ ಗೋಣಿ ಆಸ್ಕಂಡು ಕುಂತ್ಕಂಡ್ಳು.”

ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ನಿಮ್ಮತ್ತೆ ನಮ್ಮವಳು, ಅವಳು ನಮ್ಮವಳಲ್ಲ, ಇನ್ನೇನು ಎಂದರು. ಎಷ್ಟು ಸಲೀಸಾಗಿ ಅಂದರು.

ಚಿನ್ನಮ್ಮನನ್ನು ನಾನು ನೋಡಿದ್ದೇನೆ. ನಾನು ಮದುವೆಯಾಗಿ ಬಂದಾಗ ಇನ್ನೂ ಸೊಸೆಯ ಜೊತೆ ಬರುತ್ತಿದ್ದಳು. ದಿನಾ ಬೆಳಿಗ್ಗೆ ಕೂರುವ ಮೊದಲು ನನ್ನ ಕಲ್ಲಿನ ಅಂಚಿನ ಮೇಲೆ ಅಂಗೈ ಇಡುತ್ತಿದ್ದಳು. ಮುದುಕಿ, ಊರಿಕೊಂಡು ಕೂರುತ್ತಾಳೆ ಎಂದುಕೊಂಡಿದ್ದೆ. ಕೆಲವು ಸಲ ಬುಟ್ಟಿಗೆ ತಗಲುತ್ತದೆ, ಕೈ ತೆಗಿ ಎಂದು ಗದರಿದ್ದೂ ಉಂಟು.

ಬಸ್ಸಿನಲ್ಲಿ ಇಡೀ ದಾರಿ ಅತ್ತೆಯ ಮೇಲೆ ಕೋಪ ಬಂತು. ಇನ್ನೊಬ್ಬರದು ಎಂದು ಒಂದು ಮಾತು ಹೇಳಿ ಸಾಯಬಾರದಿತ್ತೇ.

ಏಪ್ರಿಲ್ ೬

ಮೈ ಸರಿಯಿಲ್ಲ. ಮಾರ್ಕೆಟ್ಟಿಗೆ ಹೋಗಲಿಲ್ಲ.

ಏಪ್ರಿಲ್ ೭

ಹೋದೆ. ಅವಳು ಎದುರಿಗೇ. ಕೇಳಿದಿರಾ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ, ಕೇಳಲಿಲ್ಲ. ಇಡೀ ದಿನ ಅವಳ ತಲೆಯ ಬೈತಲೆಯೇ ಕಾಣುತ್ತಿತ್ತು.

ಏಪ್ರಿಲ್ ೧೯

ಬಸವೇಶ ಗಂಡಿನ ಕಡೆಯವರನ್ನು ಕರೆದುಕೊಂಡೇ ಬಂದುಬಿಟ್ಟ. ಹೇಳಿಲ್ಲ, ಕೇಳಿಲ್ಲ. ಹುಡುಗನಿಗೆ ಮೂವತ್ತೈದಾದರೂ ಆಗಿರಬೇಕು, ಮೊದಲ ಹೆಂಡತಿ ತವರಿಗೆ ಹೋದವಳು ತಿರುಗಿ ಬಂದಿಲ್ಲವಂತೆ. ರಮ್ಯ ಕಾಫಿ ಲೋಟ ತಂದಿಟ್ಟು ಒಳಗೆ ಹೋಗಿ ಕದ ಹಾಕಿಕೊಂಡಳು. ಮಾರ್ಕೆಟ್ಟಿನ ಸುದ್ದಿ ಅವನಿಗೂ ಮುಟ್ಟಿದೆ. ಕಲ್ಲೇ ಇಲ್ಲದ ಮೇಲೆ ಯಾವುದರ ಮೇಲೆ ಕೂತು ಮಗಳನ್ನು ಓದಿಸುತ್ತೀರಿ ಅತ್ತಿಗೆ ಎಂದು ನಕ್ಕ. ಮೇ ತಿಂಗಳ ತನಕ ಸಮಯ ಕೊಡು ಎಂದು ಅವನ ಮುಂದೆ ಕೈ ಮುಗಿದೆ. ನಾನು ಕೈ ಮುಗಿದೆ, ಆ ಬಸವೇಶನಿಗೆ!

ಅವರು ಹೋದ ಮೇಲೆ ರಮ್ಯಳ ಕದ ತಟ್ಟಿ ಹೇಳಿದೆ, ಹೆದರಬೇಡ, ಕಲ್ಲು ಎಲ್ಲೂ ಹೋಗಲ್ಲ. ಹೇಗೆ ಎಂದು ಅವಳು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಏಪ್ರಿಲ್ ೨೨

ಒಂದು ವಿಷಯ ಯೋಚಿಸುತ್ತಿದ್ದೇನೆ. ಇಷ್ಟು ಜನರ ಚರಿತ್ರೆ ಬರೆದೆನಲ್ಲ, ಯಾರ ಕಲ್ಲು ಮೊದಲಿಂದ ಅವರದೇ? ತೆಂಗಿನಕಾಯಿಯವರದು ಸೋದರತ್ತೆಯ ಕೈಯಿಂದ ಬಂದದ್ದು. ಸುಬ್ಬಲಕ್ಷ್ಮಮ್ಮನದು ಊರು ಬಿಟ್ಟು ಹೋದವರ ಕಲ್ಲು. ಎಲ್ಲ ಕಲ್ಲಿನಿಂದಲೂ ಒಬ್ಬರು ಎದ್ದಿದ್ದಾರೆ, ಇನ್ನೊಬ್ಬರು ಕೂತಿದ್ದಾರೆ. ನಲವತ್ತು ವರ್ಷದ ಹಿಂದಿನದನ್ನು ಕೆದಕುತ್ತಾ ಹೋದರೆ ಹೊಳೆಯ ಮರಳಿಗೇ ಹೋಗಿ ನಿಲ್ಲಬೇಕು. ಹದಿನೆಂಟು ವರ್ಷ ಬಿಸಿಲು ಮಳೆಯಲ್ಲಿ ಕೂತವಳು ನಾನು. ಅದಕ್ಕೆ ಬೆಲೆ ಇಲ್ಲವೇ?

ಅತ್ತೆ ಮಾಡಿದ್ದಕ್ಕೆ ನನ್ನ ಮಗಳು ಯಾಕೆ ಅನುಭವಿಸಬೇಕು. ಇದನ್ನು ಯಾರಾದರೂ ಹೇಳಲಿ ನೋಡೋಣ.

ಮೇ ೨

ಕಳಲೆಗೆ ಮತ್ತೆ ಹೋದೆ. ರಸಬಾಳೆ ಈಗ ಸಿಗುವುದೇ ಅಪರೂಪ, ಗಿಡಕ್ಕೆಲ್ಲ ರೋಗ. ಹುಡುಕಿಸಿ ಒಂದು ಚಿಪ್ಪು ತೆಗೆದುಕೊಂಡು ಹೋದೆ. ಅಜ್ಜಿ ಮೂಸಿ ನೋಡಿಯೇ ಗುರುತು ಹಿಡಿದರು, ಮಗುವಿನ ಹಾಗೆ ಎರಡು ಹಣ್ಣು ತಿಂದರು.

ಎಲ್ಲ ಬಿಡಿಸಿ ಹೇಳಿದೆ. ಬಸವೇಶ, ರಮ್ಯ, ಆ ಗಂಡು, ಎಲ್ಲ. ಅತ್ತುಬಿಟ್ಟೆ. ನಾಟಕವಲ್ಲ, ನಿಜವಾಗಿಯೇ ಅಳು ಬಂತು. ಅಜ್ಜಿ ನನ್ನ ತಲೆ ಸವರಿದರು.

“ಅಳ್ಬೇಡ ಕಣ್ ಮಗ. ಇವತ್ತೋ ನಾಳೀಕೋ ಓಗೋ ಜೀವ ನಂದು. ಏನ್ ಯೋಳ್ಬೇಕು ಯೋಳ್ಕೊಡು, ಯೋಳ್ತೀನಿ.”

ಹೇಳಿಕೊಟ್ಟೆ. ಇಪ್ಪತ್ತೇಳನೆಯ ಕಲ್ಲಿನಲ್ಲಿ ಮೊದಲಿಂದಲೂ ಕೂತವಳು ಚನ್ನಬಸಮ್ಮ. ಚಿನ್ನಮ್ಮ ಯಾವತ್ತೂ ನೆಲದ ಮೇಲೇ ಕೂರುತ್ತಿದ್ದಳು. ಎರಡೇ ಮಾತು. ಮೊದಲ ಸಲ ಹೆಸರು ಅದಲು ಬದಲು ಮಾಡಿದರು. ನಾಲ್ಕು ಸಲ ಹೇಳಿಸಿದ ಮೇಲೆ ಸರಿಯಾಯಿತು.

ನಾನು ಅರ್ಜಿಯಲ್ಲಿ ಬರೆದಿರುವುದೂ ಅಷ್ಟೇ. ಫೆಬ್ರವರಿಯಲ್ಲೇ ಬರೆದದ್ದು, ಆಗ ನನಗೆ ಬೇರೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಬರೆದದ್ದು ಸುಳ್ಳಾಗಲ್ಲ. ತಿದ್ದಲು ಹೋಗಲಿಲ್ಲ.

ಮೇ ೧೭, ಸೋಮವಾರ

ಅಜ್ಜಿಯನ್ನು ಆಟೊದಲ್ಲಿ ಕರೆತಂದೆ. ಕಮಿಟಿಯ ರೂಮಿನಲ್ಲಿ ಗಂಗಾಧರಸ್ವಾಮಿಯವರು, ಇನ್ನೂ ಮೂರು ಜನ ಮೇಜಿನ ಹಿಂದೆ. ಚಲುವಮ್ಮ ಒಬ್ಬಳೇ ಬಂದಿದ್ದಳು, ಒಗೆದ ಸೀರೆ ಉಟ್ಟು. ಅಜ್ಜಿಯನ್ನು ನೋಡಿ ಅವಳ ಮುಖ ಬೆಳಗಿತು. ಅದನ್ನು ನಾನು ನೋಡಬಾರದಿತ್ತು. ನಾನು ಅವಳಿಗಾಗಿಯೇ ಕರೆತಂದಿದ್ದೇನೆ ಅಂದುಕೊಂಡಳೇನೋ, ನನ್ನ ಕಡೆ ತಿರುಗಿ ತಲೆ ಬಾಗಿಸಿದಳು.

ನಿನ್ನ ಸಾಕ್ಷಿ ಯಾರಮ್ಮ ಎಂದು ಗಂಗಾಧರಸ್ವಾಮಿಯವರು ಕೇಳಿದರು. ಅಜ್ಜಿಯನ್ನು ತೋರಿಸಿದಳು.

“ಈ ಅವ್ವ ಯೋಳ್ದಂಗೆ ಆಗ್ಲಿ ಸಾ. ಬೇರೆ ಸಾಕ್ಸಿ ಬ್ಯಾಡ.”

ಅಜ್ಜಿ ಹೇಳಿದರು. ಒಂದು ಅಕ್ಷರ ತಪ್ಪಲಿಲ್ಲ. ಹೇಳಿ ಮುಗಿಸಿ ನನ್ನ ಕಡೆ ಮುಖ ತಿರುಗಿಸಿದರು. ಮೇಜಿನ ಹಿಂದಿನವರು ಯಾರೂ ಗಮನಿಸಲಿಲ್ಲ. ಚಲುವಮ್ಮ ಗಮನಿಸಿದಳು.

ಆಗ ನನ್ನ ಬಾಯಿಗೆ ಬಂದಿತ್ತು. ಶಿವನಾಣೆಗೂ ಬಂದಿತ್ತು. ಕಲ್ಲು ನನ್ನದಲ್ಲ ಎನ್ನಬೇಕಾದ್ದೂ ಇರಲಿಲ್ಲ. ಇಬ್ಬರಿಗೂ ಸೇರಿ ಕೊಡಿ ಸ್ವಾಮಿ ಎಂದಿದ್ದರೂ ಆಗುತ್ತಿತ್ತು. ಯಾಕೆ ಅನ್ನಲಿಲ್ಲ? ರಮ್ಯಳ ಮುಖ ಕಣ್ಣ ಮುಂದೆ ಬಂತು ಎಂದು ಬರೆಯಬಹುದು. ಆದರೆ ಬರಲಿಲ್ಲ. ಯಾರ ಮುಖವೂ ಬರಲಿಲ್ಲ. ಸುಮ್ಮನೆ ಮೇಜಿನ ಮೇಲಿನ ಶಾಯಿಯ ಪ್ಯಾಡು ನೋಡುತ್ತಾ ನಿಂತಿದ್ದೆ. ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಪಟ್ಟಿಯಲ್ಲಿ ಚಲುವಮ್ಮನ ಹೆಸರು ಹೊಡೆದು ನನ್ನ ಹೆಸರು ಬರೆದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಚಲುವಮ್ಮ ನಿಂತಿದ್ದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಸೆರಗು ಬಿಗಿ ಮಾಡಿಕೊಂಡೆ.

“ಎಲ್ಲಾರ್ ಕಾಗ್ದಾನೂ ಬರ್ದ್ರಿ ಸಿದ್ದಮ್ಮಾರೆ. ನಂದೊಂದು ಬರೀನಿಲ್ಲ.”

ಅಷ್ಟೇ ಹೇಳಿ ಇಳಿದು ಹೋದಳು.

ಕಳಲೆಯ ದಾರಿಯಲ್ಲಿ ಅಜ್ಜಿ, ಸರಿಯಾಗಿ ಹೇಳಿದೆನಾ ಮಗ ಎಂದು ಕೇಳಿದರು. ಹೂಂ ಎಂದೆ. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಹೇಳಿದರು. ಹಿಂದೆ ಸುಂಕ ವಸೂಲಿಯವನ ಮುಂದೆ ಈ ಕಲ್ಲಿನ ನ್ಯಾಯ ಬಂದಾಗ ನನ್ನ ಅತ್ತೆಯೂ ಹೀಗೆಯೇ ಈ ಅಜ್ಜಿಯನ್ನೇ ಸಾಕ್ಷಿಗೆ ಕರೆತಂದಿದ್ದರಂತೆ, ಆವಾಗಲೂ ಇವೇ ಎರಡು ಮಾತಂತೆ. ಧೂಳು ಬರುತ್ತದೆ, ಬಾಯಿ ಮುಚ್ಚಿಕೊಳ್ಳಿ ಅಜ್ಜಿ ಎಂದೆ.

ರಮ್ಯ ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಸುಳ್ಳು ಹೇಳಿಲ್ಲ. ಆ ರೂಮಿನಲ್ಲಿ ನಾನು ಬಾಯಿಯೇ ಬಿಟ್ಟಿಲ್ಲ.

ಮೇ ೨೦

ಚಲುವಮ್ಮ ಬಂದಿಲ್ಲ. ಎದುರಿನ ಜಾಗ ಖಾಲಿ.

ಮೇ ೩೧

ಬಂದಿಲ್ಲ. ಸೊಪ್ಪಿಗೆ ಬಂದ ಗಿರಾಕಿಗಳೆಲ್ಲ ನನ್ನನ್ನೇ ಕೇಳುತ್ತಾರೆ, ಎಲ್ಲಿ ಹೋದಳು ಎಂದು. ನಾನೇನು ಅವಳ ಕಾವಲಿಗೆ ಇದ್ದೇನೆಯೇ? ಗೊತ್ತಿಲ್ಲ ಎಂದು ಹೇಳಿ ಹೇಳಿ ಸಾಕಾಯಿತು.

ಜುಲೈ ೮

ಕಲ್ಲು ಕಿತ್ತರು. ಮೆಷಿನ್ನು ಒಂದೊಂದನ್ನೇ ಎತ್ತಿ ಲಾರಿಗೆ ಹಾಕುತ್ತಿತ್ತು. ಚರಂಡಿ ಮುಚ್ಚಲು ಹಾಕುತ್ತಾರಂತೆ. ಚೆಲುವಯ್ಯ ಕೋಲು ಊರಿಕೊಂಡು ಬಂದು, ನಮ್ಮಪ್ಪ ಎತ್ತಿನ ಗಾಡೀಲಿ ತಂದದ್ದು ಕಣ್ರಪ್ಪ, ಮೆತ್ತಗೆ ಎತ್ತಿ ಎಂದು ಕೂಗಿಕೊಳ್ಳುತ್ತಿದ್ದ. ಯಾರಿಗೆ ಕೇಳಬೇಕು, ಆ ಸದ್ದಿನಲ್ಲಿ. ಇಪ್ಪತ್ತೇಳನೆಯದು ಎತ್ತುವಾಗ ನಾನು ಟೀ ಕುಡಿಯಲು ಹೋದೆ.

ಬಸವೇಶ ಈಗ ಅತ್ತಿಗೆ ಅತ್ತಿಗೆ ಎಂದು ಬೆಣ್ಣೆಯ ಹಾಗೆ ಮಾತಾಡುತ್ತಾನೆ. ಮಳಿಗೆ ಸಿಗುತ್ತದಲ್ಲ.

ಡಿಸೆಂಬರ್ ೧೪

ಕಟ್ಟಡ ಮುಗಿಯುವ ತನಕ ಗುಡಿಯ ರಸ್ತೆಯಲ್ಲಿ ತಳ್ಳುಗಾಡಿ. ಬರೆಯುವುದಕ್ಕೆ ಏನೂ ಇಲ್ಲ.

೨೦೦೦ ಏಪ್ರಿಲ್ ೧೦

ಮಳಿಗೆಯ ಪೂಜೆ ಮಾಡಿದೆ. ಮೇಲೆ ತಗಡು ಬಾಗಿಲು, ಸುತ್ತ ಮೂರು ಗೋಡೆ. ಸುಬ್ಬಲಕ್ಷ್ಮಮ್ಮನ ಮಳಿಗೆ ಪಕ್ಕದ್ದೇ, ಆದರೂ ಅವರ ಮುಖ ಕಾಣಲ್ಲ, ಕೆಮ್ಮು ಮಾತ್ರ ಕೇಳುತ್ತದೆ. ಎದುರಿಗೆ ಗೋಡೆ. ಗಿರಾಕಿಗಳು ಮೆಟ್ಟಿಲು ಹತ್ತುವುದಕ್ಕೆ ಸೋಮಾರಿತನ ಮಾಡುತ್ತಾರೆ. ಇರಲಿ, ಅಭ್ಯಾಸವಾಗುತ್ತದೆ. ಮಳೆಗೆ ನೆನೆಯಲ್ಲ, ಬಿಸಿಲಿಗೆ ಒಣಗಲ್ಲ, ಇನ್ನೇನು ಬೇಕು.

ಕಳಲೆಯ ಅಜ್ಜಿ ಮಾಘದಲ್ಲೇ ತೀರಿಕೊಂಡರಂತೆ. ಇನ್ನು ಆ ವಿಷಯ ಗೊತ್ತಿರುವವರು ಇಬ್ಬರೇ.

ಜೂನ್ ೨೬

ರಮ್ಯ ಬಿ.ಕಾಂ. ಸೇರಿದಳು. ಅದಕ್ಕೇ ಎಲ್ಲ ಮಾಡಿದ್ದು.

ಸುಬ್ಬಲಕ್ಷ್ಮಮ್ಮ ಗೋಡೆಯ ಆಚೆಯಿಂದ ಹೇಳಿದರು, ಚಲುವಮ್ಮ ಈಗ ಟಿ. ನರಸೀಪುರದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಕೂರುತ್ತಾಳಂತೆ. ದಿನಾ ಅಷ್ಟು ದೂರ ಬಸ್ಸಿನಲ್ಲಿ ಸೊಪ್ಪು ಹೊತ್ತುಕೊಂಡು ಹೋಗುತ್ತಾಳಂತೆ. ಹೋಗಲಿ, ನನಗೇನು ಎಂದೆ.

ಆಗಸ್ಟ್ ೨೨

ಟಿ. ನರಸೀಪುರಕ್ಕೆ ಹೋಗಿದ್ದೆ. ಅಲ್ಲಿಯ ತೋಟದವರ ಹತ್ತಿರ ಬಾಳೆಗೊನೆ ಅಗ್ಗಕ್ಕೆ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಹೋದ ಮೇಲೆ ನೋಡಿದರೆ ತೋಟ ಬಹಳ ದೂರ, ಹೋಗಲಿಲ್ಲ. ಬಸ್ಸಿಗೆ ಹೊತ್ತಿತ್ತು. ಹಾಗೇ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸುತ್ತು ಬಂದೆ.

ಕೂತಿದ್ದಳು. ನೆಲದ ಮೇಲೆ ಗೋಣಿ ಹಾಸಿ, ತಲೆಯ ಮೇಲೆ ಏನೂ ಇಲ್ಲ. ಕಪ್ಪಾಗಿದ್ದಾಳೆ, ಇಳಿದಿದ್ದಾಳೆ. ನಾನು ಎದುರಿಗೆ ಹೋಗಿ ನಿಂತೆ. ಹೇಳಬೇಕು ಎಂದು ಬಸ್ಸಿನಲ್ಲಿ ನಾಲ್ಕು ಮಾತು ಜೋಡಿಸಿಕೊಂಡಿದ್ದೆ. ಮಳಿಗೆಯಲ್ಲಿ ಜಾಗವಿದೆ, ಒಂದು ಮೂಲೆಯಲ್ಲಿ ನೀನೂ ಇಟ್ಟುಕೋ ಬಾ ಎಂದು. ತಲೆ ಎತ್ತಿ ನೋಡಿದಳು. ಗುರುತು ಸಿಕ್ಕಿತು, ಅದು ಕಣ್ಣಿನಲ್ಲೇ ಗೊತ್ತಾಯಿತು. ಆದರೂ ಮುಖದಲ್ಲಿ ಏನೂ ಇಲ್ಲ.

“ಏನ್ ಕೊಡ್ಲವ್ವ?”

ಸಿದ್ದಮ್ಮಾರೆ ಎನ್ನಲಿಲ್ಲ. ನನ್ನ ನಾಲ್ಕು ಮಾತು ಎಲ್ಲಿ ಹೋದವೋ. ದಂಟು ಎರಡು ಕಟ್ಟು ಎಂದೆ. ಕೊಟ್ಟಳು, ದುಡ್ಡು ತೆಗೆದುಕೊಂಡಳು. ಆಮೇಲೆ ಬುಟ್ಟಿಯಿಂದ ಇನ್ನೊಂದು ಹಿಡಿ ತೆಗೆದು ನನ್ನ ಚೀಲಕ್ಕೆ ಕೊಸರು ಹಾಕಿದಳು.

ಮಾರ್ಕೆಟ್ಟಿನವರು ಮಾರ್ಕೆಟ್ಟಿನವರಿಗೆ ಕೊಸರು ಹಾಕುವುದಿಲ್ಲ. ನಾವು ಕೇಳುವುದೂ ಇಲ್ಲ, ಕೊಡುವುದೂ ಇಲ್ಲ. ಅದು ದಾರಿಹೋಕ ಗಿರಾಕಿಗೆ. ಹದಿನೆಂಟು ವರ್ಷ ಅವಳ ಕೈಯಿಂದ ಸೊಪ್ಪು ತೆಗೆದುಕೊಂಡಿದ್ದೇನೆ, ಒಂದು ಎಳೆ ಹೆಚ್ಚಿಗೆ ಹಾಕಿದವಳಲ್ಲ. ಬೇಡ ಎನ್ನುವುದರೊಳಗೆ ಮುಂದಿನವರ ಕಡೆ ತಿರುಗಿದ್ದಳು. ಹಿಂದಿನಿಂದ ಯಾರೋ ಜರುಗಮ್ಮ ಎಂದರು, ಜರುಗಿದೆ.

ಮನೆಗೆ ಬಂದಾಗ ರಮ್ಯ ಕೇಳಿದಳು, ಇಲ್ಲಿ ಸೊಪ್ಪಿಲ್ಲವೇನಮ್ಮ, ಅಷ್ಟು ದೂರದಿಂದ ಯಾಕೆ ತಂದೆ ಎಂದು. ಅಲ್ಲಿ ಎಳೆಯದು ಸಿಗುತ್ತದೆ ಕಣೆ ಎಂದೆ.